ಗೇರುತೋಟದ ಜ್ವರ

ಗೇರುಮರವು ಮೂಲತಃ ನಮ್ಮ ನಾಡಿನದಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಬ್ರೆಜಿಲ್ ದೇಶದಿಂದ ಪಶ್ಚಿಮ ಕರಾವಳಿಗೆ ತಂದರು. ಬಡ ನೆಲದಲ್ಲಿಯೂ ಬೇರೂರಿ ಫಲ ಕೊಡುವ ಈ ಮರವು ಕಾಲಕ್ರಮದಲ್ಲಿ ಗೋವೆಯಿಂದ ಕಾಸರಗೋಡಿನವರೆಗೆ ಅಸಂಖ್ಯ ಸಂಸಾರಗಳಿಗೆ ಜೀವನಾಧಾರವಾಯಿತು. ಆ ವ್ಯಾಪಾರದ ಏಳಿಗೆಯನ್ನು ಎಲ್ಲರೂ ಬಲ್ಲರು. ಅದರೊಡನೆ ಹೆಣೆದುಕೊಂಡ ಜ್ವರವೊಂದರ ಚರಿತ್ರೆಯನ್ನು ಬಲ್ಲವರು ವಿರಳ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಂಚಿನ ಜನರಿಗೂ ತೀವ್ರ ಜ್ವರ ತಗುಲಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ರೋಗಾಣುವನ್ನು ಗುರುತಿಸಿ, ಅದು ಉಣ್ಣಿಗಳ ಕಡಿತದಿಂದ ಹರಡುವುದೆಂದು ಕಂಡುಕೊಂಡರು. ಜನರು ಇದನ್ನು ಮಂಗನ ಕಾಯಿಲೆ ಎಂದರು. ಪಾಪ, ಮಂಗನೂ ನಮ್ಮಂತೆಯೇ ಈ ರೋಗಕ್ಕೆ ತುತ್ತಾದ ಪ್ರಾಣಿ. ಅಪವಾದ ಮಾತ್ರ ಅದರ ತಲೆಗೆ ಬಂದಿತು. 1969ರಲ್ಲಿ ಬೋಶೆಲ್ ಎಂಬ ವಿಜ್ಞಾನಿಯು ಇದರ ಬೇರನ್ನು ಅರಣ್ಯದ ಅಸ್ತವ್ಯಸ್ತತೆಯಲ್ಲಿ ಗುರುತಿಸಿದನು. ಕಾಡು ಕಡಿದು ಸಾಗುವಳಿ ಮಾಡಿದೆಡೆ ದನಗಳು ಉಳಿದ ಕಾಡನ್ನು ಹೊಕ್ಕು ಮೇಯುತ್ತವೆ; ಅವುಗಳ ರಕ್ತವನ್ನು ಹೀರಿ ಉಣ್ಣಿಗಳ ಸಂತತಿ ಬೆಳೆಯುತ್ತದೆ.

ಈ ಮಾತಿಗೆ ಘೋರವಾದ ನಿದರ್ಶನವು ದಕ್ಷಿಣ ಕನ್ನಡದಲ್ಲಿಯೇ ದೊರೆಯಿತು. ಬೆಳ್ತಂಗಡಿ ತಾಲೂಕಿನಲ್ಲಿ ಗೇರು ನೆಡುವುದಕ್ಕಾಗಿ ದಟ್ಟಡವಿಯೊಂದನ್ನು ಬೋಳುಗೈದ ಮೇಲೆ, 1982-83ರ ಋತುವಿನಲ್ಲಿ ಜ್ವರವು ಮೊದಲು ಆ ಕೆಲಸದ ಕೂಲಿಗಳಲ್ಲಿ ಕಾಣಿಸಿಕೊಂಡಿತು. ಬಳಿಕ ಸುಮಾರು 1,500 ಜನರು ಹಾಸಿಗೆ ಹಿಡಿದರು. ಸುಮಾರು 150 ಮಂದಿ ಅಸುನೀಗಿದರು. ಸಸಿ, ಗೊಬ್ಬರ, ಕೂಲಿ ಇವೆಲ್ಲವನ್ನೂ ಲೆಕ್ಕ ಹಾಕಿದವರ ಎಣಿಕೆಯಲ್ಲಿ ಈ ವೆಚ್ಚ ಸೇರಿರಲಿಲ್ಲ.

ಮುಂದೆ ರೋಗವು ಗಡಿಗಳನ್ನು ದಾಟಿತು. 2012ರಲ್ಲಿ ಬಂಡೀಪುರ, ನೀಲಗಿರಿಗಳಲ್ಲಿ ಅದರ ಸುಳಿವು ದೊರೆಯಿತು. 2015ರಲ್ಲಿ ವಯನಾಡಿನಲ್ಲಿ ನೂರಕ್ಕೂ ಮಿಕ್ಕಿ ಜನರು ಪೀಡಿತರಾಗಿ 11 ಮಂದಿ ಸತ್ತರು. ಅವರಲ್ಲಿ ಬಹುಪಾಲು ಅರಣ್ಯವಾಸಿಗಳು. (ಆ ಕಾಡುಗಳ ಕಾಟುನಾಯಕರ ನುಡಿ ನಮ್ಮ ಕನ್ನಡಕ್ಕೆ ತೀರ ನಿಕಟವಾದುದೆಂಬುದನ್ನು ವಾಚಕರು ನೆನೆಯಬೇಕು.) ಅದೇ ವರ್ಷ ಗೋವೆಯ ಸತ್ತರಿ ತಾಲೂಕಿನಲ್ಲಿ, ಮರುವರ್ಷ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ ಗೇರುಬೀಜ ಹೆಕ್ಕುವವರು ಜ್ವರಕ್ಕೆ ಸಿಕ್ಕಿದರು.

ಕಾರಣ ಸ್ಪಷ್ಟವಾಗಿದೆ. ಗೇರುಹಣ್ಣು ಮಾಗಿ ನೆಲಕ್ಕೆ ಬೀಳುವುದು ಫೆಬ್ರವರಿಯಿಂದ ಮೇ ತಿಂಗಳವರೆಗೆ. ಉಣ್ಣಿಮರಿಗಳು ತರಗೆಲೆಗಳಲ್ಲಿ ಕಿಕ್ಕಿರಿದಿರುವುದೂ ಆಗಲೇ. ಬಗ್ಗಿ ಎಲೆ ಸರಿಸದೆ ಬೀಜ ಕೈಗೆ ಬಾರದು. ಎರಡು ವಾರ ಜ್ವರ, ಅನಂತರ ಹಲವು ವಾರಗಳ ನಿಶ್ಶಕ್ತಿ. ಅಷ್ಟರಲ್ಲಿ ಮಳೆಗಾಲ ಬಂದುಬಿಡುತ್ತದೆ. ತೋಟದವನಿಗೆ ಆಳು ದೊರೆಯದೆ ಬೀಜ ನೆಲದಲ್ಲಿಯೇ ಉಳಿಯುತ್ತದೆ, ಕೂಲಿಯವನಿಗೆ ಆ ವರ್ಷದ ದುಡಿಮೆಯೇ ಇಲ್ಲವಾಗುತ್ತದೆ.