ಮೀಡಿಯಾವಿಕಿ ಎಪಿಐ

ಮೀಡಿಯಾವಿಕಿ ಎಪಿಐ ಎಂಬುದು ವಿಕಿಪೀಡಿಯ ಮೊದಲಾದ ತಾಣಗಳ ಆಧಾರವಾಗಿರುವ ಮೀಡಿಯಾವಿಕಿ ತಂತ್ರಾಂಶದೊಡನೆ ಇತರ ತಂತ್ರಾಂಶಗಳು ನೇರವಾಗಿ ವ್ಯವಹರಿಸಲು ಇರುವ ವ್ಯವಸ್ಥೆ. ಕಾಗುಣಿತ ತಿದ್ದುವ, ವರ್ಗಗಳನ್ನು ಸೇರಿಸುವ, ಯಾರೋ ಹಾಳುಗೆಡವಿದ ಪುಟವನ್ನು ಮೊದಲಿನ ಸ್ಥಿತಿಗೆ ತರುವ ಬಾಟ್‌ಗಳು ಇದನ್ನು ಬಳಸುತ್ತವೆ. ಓದುಗರಿಗಾಗಿ ರೂಪಿಸಿದ ಪುಟವನ್ನು ಇಳಿಸಿಕೊಂಡು ಅದರಿಂದ ಮಾಹಿತಿಯನ್ನು ಹೆಕ್ಕುವ ಸ್ಕ್ರೀನ್ ಸ್ಕ್ರೇಪಿಂಗ್ ವಿಧಾನಕ್ಕೆ ಇದು ಪರ್ಯಾಯ.

ಸ್ಕ್ರೀನ್ ಸ್ಕ್ರೇಪಿಂಗ್‌ನ ತೊಡಕುಗಳು

ಪೈಥಾನ್ ಭಾಷೆಯ ಪೈವಿಕಿಬಾಟ್‌ನ ಹಳೆಯ ಆವೃತ್ತಿಗಳು ಮನುಷ್ಯರಂತೆಯೇ ಸಂಪಾದನೆಯ ಪುಟವನ್ನು ತೆರೆದು, ಚೌಕದೊಳಗಿನ ಪಠ್ಯವನ್ನು ತೆಗೆದುಕೊಂಡು, ತಿದ್ದಿ ಉಳಿಸುತ್ತಿದ್ದವು. ಪುಟದ ವಿನ್ಯಾಸ ಬದಲಾದರೆ ಇಂಥ ಬಾಟ್ ದಾರಿ ತಪ್ಪುತ್ತದೆ. ಪಾಠವನ್ನು ಶೀರ್ಷಿಕೆಯಿಂದ ಗುರುತಿಸದೆ ‘40ನೆಯ ಪುಟದ ಮೂರನೆಯ ಸಾಲು’ ಎಂದು ನೆನಪಿಟ್ಟವನಿಗೆ ಹೊಸ ಮುದ್ರಣ ಬಂದಾಗ ಆಗುವ ಪಾಡೇ ಇದರದು. ವಿಕಿಪೀಡಿಯದ ಹೊರರೂಪ 2010ರಲ್ಲಿ ಮೋನೋಬುಕ್‌ನಿಂದ ವೆಕ್ಟರ್‌ಗೆ ಬದಲಾಯಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2023ರ ಜನವರಿಯಲ್ಲಿ ಮತ್ತೆ ಬದಲಾಯಿತು.

ಭಾಷೆಯೂ ತೊಡಕೇ. ಕನ್ನಡದ ಗುಂಡಿಗಳ ಮತ್ತು ಸೂಚನೆಗಳ ಪದಗಳನ್ನು ಸ್ವಯಂಸೇವಕರು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಅನುವಾದಿಸುತ್ತಾರೆ, ಆಗಾಗ ತಿದ್ದುತ್ತಾರೆ. ‘ಸಂಪಾದಿಸಿ’ ಎಂಬ ಪದವನ್ನೇ ಹುಡುಕುವ ಬಾಟ್, ಆ ಜಾಗದಲ್ಲಿ ಬೇರೊಂದು ಒಳ್ಳೆಯ ಪದ ಬಂದ ದಿನವೇ ನಿಂತುಹೋಗುತ್ತದೆ. ಅದಕ್ಕಾಗಿ ಅನುವಾದಕರು ಹಿಂಜರಿಯಬೇಕಾಗಿಲ್ಲ. ಎಪಿಐಯ ಉತ್ತರದಲ್ಲಿ ಅಂಶಗಳ ಹೆಸರುಗಳು ಎಲ್ಲ ಭಾಷೆಯ ವಿಕಿಗಳಲ್ಲಿಯೂ ಒಂದೇ. ಸಮಯವೂ ಐಎಸ್‌ಒ 8601 ಮಾದರಿಯಲ್ಲಿಯೇ ಇರುತ್ತದೆ.

ಲೇಖನದ ಸುರಕ್ಷತೆ

ಬಾಟ್ ನಿಂತುಹೋದರೆ ಹೆಚ್ಚಿನ ನಷ್ಟವಿಲ್ಲ. ತಪ್ಪಾಗಿ ಓದಿ ಬರೆಯುತ್ತ ಹೋದರೆ ಅಪಾಯ. ಸಂಪರ್ಕ ನಡುವೆ ಕಡಿದು ಅರ್ಧವೇ ಬಂದ ಪುಟವನ್ನು ಪೂರ್ಣವೆಂದು ತಿಳಿದು ಉಳಿಸಿದರೆ ಲೇಖನದ ಉಳಿದ ಭಾಗ ಅಳಿಸಿಹೋಗುತ್ತದೆ. ಎಪಿಐಯ ಉತ್ತರ ಜೇಸನ್ ರೂಪದಲ್ಲಿರುವುದರಿಂದ ಅರ್ಧ ಬಂದದ್ದು ಕೂಡಲೇ ದೋಷವಾಗಿ ಕಾಣಿಸುತ್ತದೆ. ಉಳಿಸುವಾಗ ಪಠ್ಯದ ಎಂಡಿ5 ಮೊತ್ತವನ್ನೂ ಕಳುಹಿಸಿದರೆ, ತಾಳೆಯಾಗದ ಪಠ್ಯವನ್ನು ಸರ್ವರ್ ಸ್ವೀಕರಿಸುವುದಿಲ್ಲ. ಮೂಲ ಆವೃತ್ತಿಯ ಸಮಯವನ್ನು ತಿಳಿಸಿದ್ದರೆ, ನಡುವೆ ಬೇರೊಬ್ಬರು ಅದೇ ಭಾಗವನ್ನು ತಿದ್ದಿದಾಗ ಸಂಪಾದನೆಯ ಸಂಘರ್ಷವೆಂದು ಎಚ್ಚರಿಸುತ್ತದೆ.

ಸರ್ವರ್‌ನ ಹೊರೆ

ಒಂದು ಕೋರಿಕೆಯಲ್ಲಿ ಸಾಮಾನ್ಯ ಬಳಕೆದಾರರು 50, ಬಾಟ್ ಹಕ್ಕುಳ್ಳವರು 500 ಪುಟಗಳವರೆಗೆ ವಿವರ ಕೇಳಬಹುದು. ಮ್ಯಾಕ್ಸ್‌ಲ್ಯಾಗ್ ಎಂಬ ನಿಯತಾಂಕಕ್ಕೆ 5 ಸೆಕೆಂಡು ಎಂದು ಕೊಟ್ಟರೆ, ದತ್ತಸಂಚಯದ ಪ್ರತಿಗಳು ಅದಕ್ಕಿಂತ ಹಿಂದುಳಿದಿದ್ದಾಗ ಸರ್ವರ್ ಕೋರಿಕೆಯನ್ನು ನಿರಾಕರಿಸುತ್ತದೆ. ಬಾಟ್ ಕಾದು ಮತ್ತೆ ಕೇಳಬೇಕು.

ಬದಲಾವಣೆ

ಎಪಿಐ ಎಂದೂ ಬದಲಾಗುವುದಿಲ್ಲವೆಂದಲ್ಲ. ಕೈಬಿಡಲಿರುವ ನಿಯತಾಂಕವನ್ನು ಬಳಸಿದಾಗ ಉತ್ತರದ ಜೊತೆಯಲ್ಲಿಯೇ ಎಚ್ಚರಿಕೆಯ ಸಂದೇಶ ಬರುತ್ತದೆ. ಬಾಟ್ ನಡೆಸುವವರು ಅದನ್ನು ಓದುವ ಅಭ್ಯಾಸವಿಟ್ಟುಕೊಂಡರೆ ತಿದ್ದಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ.