ಹಲವರ ಕೈಯಿಂದ ಬೆಳೆದ ಸಸ್ಯಕೋಶ

ಒಂದು ನಾಡಿನ ಸಸ್ಯಸಂಪತ್ತನ್ನು ಒಬ್ಬನೇ ವಿದ್ವಾಂಸನು ತನ್ನ ಆಯುಷ್ಯದೊಳಗೆ ಸಂಪೂರ್ಣವಾಗಿ ಅರಿತು ಬರೆದಿಡುವುದು ಎಂದೂ ಸಾಧ್ಯವಾದ ಮಾತಲ್ಲ. ಗ್ರಂಥದ ಮುಖಪುಟದಲ್ಲಿ ಒಂದೇ ಹೆಸರು ಮೆರೆದಾಗಲೂ ಕಾಡು ತಿರುಗಿದವರು, ಚಿತ್ರ ಬರೆದವರು, ಮೂಲಿಕೆಯ ಗುಣ ಬಲ್ಲವರು ಅದರ ಹಿಂದೆ ಅನೇಕರಿದ್ದರು. ಡಚ್ಚರ ಮಲಬಾರಿನ ಅಧಿಪತಿಯಾಗಿದ್ದ ವಾನ್ ರೀಡನ ಆಶ್ರಯದಲ್ಲಿ ಸಿದ್ಧವಾಗಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಇದಕ್ಕೆ ಉತ್ತಮ ನಿದರ್ಶನ. ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ವೈದ್ಯರೂ ಕೊಟ್ಟ ಪ್ರಮಾಣಪತ್ರಗಳು ಅದರ ಮೊದಲ ಸಂಪುಟದಲ್ಲಿಯೇ ಇವೆ. ಆದರೆ ಯಾವ ವಿವರವು ಯಾರಿಂದ ಬಂದಿತೆಂಬುದನ್ನು ವಾಚಕನು ಬಹುಮಟ್ಟಿಗೆ ಬೇರ್ಪಡಿಸಿ ತಿಳಿಯಲಾರನು.

ತರುವಾಯ 1872ರಿಂದ 1897ರವರೆಗೆ ಭಾರತದ ಸಸ್ಯಗಳನ್ನು ಕುರಿತ ಹೂಕರನ ಏಳು ಸಂಪುಟಗಳೂ, ಆಮೇಲೆ ಮುಂಬಯಿ ಮದರಾಸು ಪ್ರಾಂತಗಳನ್ನು ಕುರಿತ ಕುಕ್ ಮತ್ತು ಗ್ಯಾಂಬಲರ ಗ್ರಂಥಗಳೂ ಹೊರಬಂದವು. ನಮ್ಮ ನಾಡಿನ ಮಟ್ಟಿಗೆ ಸಲ್ಡಾನ ಮತ್ತು ನಿಕಲ್ಸನ್ ಅವರು 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥವನ್ನು ಪ್ರಕಟಿಸಿದರು. ಇವೆಲ್ಲವೂ ಪ್ರಾಮಾಣಿಕ ಕೃತಿಗಳೇ ಆದರೂ, ಅಚ್ಚಾದ ದಿನವೇ ಪುಸ್ತಕದ ಜ್ಞಾನವು ನಿಂತುಹೋಗುವುದೆಂಬ ಕೊರತೆಯಿಂದ ಯಾವುದೂ ಮುಕ್ತವಲ್ಲ. ಇದಕ್ಕೆ ಪರಿಹಾರವು ಹರ್ಬೇರಿಯಮ್ಮಿನಲ್ಲಿ ಆಗಲೇ ಇದ್ದಿತು: ಒಣಗಿಸಿ ಅಂಟಿಸಿದ ಗಿಡದ ಹಾಳೆಯ ಮೇಲೆ, ಹಿಂದಿನವನು ಬರೆದ ಹೆಸರನ್ನು ಅಳಿಸದೆ, ಮುಂದಿನ ತಜ್ಞನು ತನ್ನ ನಿರ್ಣಯವನ್ನು ಹೆಸರು ತಾರೀಖುಗಳೊಡನೆ ಚೀಟಿಯಲ್ಲಿ ಬರೆದು ಅಂಟಿಸುವನು. ಇಂದಿನ ಅಂತರಜಾಲದ ದತ್ತಸಂಚಯಗಳು ಪುಸ್ತಕಕ್ಕಿಂತ ಹೆಚ್ಚಾಗಿ ಈ ಹಾಳೆಯ ಸಂತತಿಯೆಂದೇ ನನ್ನ ಅಭಿಪ್ರಾಯ.

ಮೊದಲು ಗಣಕಕ್ಕೆ ಏರಿದುದು ಹೆಸರುಗಳು. ಡಾರ್ವಿನ್ನನ ಧನಸಹಾಯದಿಂದ ಸಿದ್ಧವಾಗಿ 1893ರಲ್ಲಿ ಮುದ್ರಣಕ್ಕೆ ಬಂದ ‘ಇಂಡೆಕ್ಸ್ ಕ್ಯೂಯೆನ್ಸಿಸ್’ ಎಂಬ ನಾಮಸೂಚಿಯು, ಹಾರ್ವರ್ಡ್ ಮತ್ತು ಆಸ್ಟ್ರೇಲಿಯದ ಸೂಚಿಗಳೊಡನೆ ಕೂಡಿ, 1999ರಲ್ಲಿ ಅಂತರರಾಷ್ಟ್ರೀಯ ಸಸ್ಯನಾಮ ಸೂಚಿಯಾಯಿತು. 2010ರಲ್ಲಿ ಕ್ಯೂ ಮತ್ತು ಮಿಸೌರಿಯ ಸಸ್ಯೋದ್ಯಾನಗಳು ಜಗತ್ತಿನ ಸಸ್ಯಪಟ್ಟಿಯನ್ನು ಪ್ರಕಟಿಸಿದವು. ಅದರ 2013ರ ಆವೃತ್ತಿಯಲ್ಲಿದ್ದ 10 ಲಕ್ಷಕ್ಕೂ ಮೀರಿದ ನಾಮಗಳಲ್ಲಿ ಅಂಗೀಕೃತವಾದವು ಸುಮಾರು 3.5 ಲಕ್ಷ ಮಾತ್ರ. ಈ ನಾಮಬಾಹುಳ್ಯಕ್ಕೆ ನಮ್ಮ ಕರಿಜಾಲಿಯೇ ಸಾಕ್ಷಿ: 2005ರ ವಿಯೆನ್ನಾ ಸಮ್ಮೇಳನವು ‘ಅಕೇಸಿಯ’ ಎಂಬ ಹೆಸರನ್ನು ಆಸ್ಟ್ರೇಲಿಯದ ಬಳಗಕ್ಕೆ ಉಳಿಸಿದುದರಿಂದ ಅದು ‘ವಚೇಲಿಯ’ ಆಯಿತು. ದತ್ತಸಂಚಯದಲ್ಲಿ ಹಳೆಯ ಹೆಸರು ಅಳಿಯದೆ ಪರ್ಯಾಯನಾಮವಾಗಿ ನಿಂತು ಹೊಸದರತ್ತ ದಾರಿ ತೋರುತ್ತದೆ.

ಹೆಸರುಗಳ ಬೆನ್ನಿಗೇ ಸಾಮಾನ್ಯಜನರ ವೀಕ್ಷಣೆಗಳು ಬಂದವು. 2007ರಲ್ಲಿ ಮರಗಳ ಚಿತ್ರ ಹಂಚಿಕೊಳ್ಳುವ ಕೂಟವಾಗಿ ಹುಟ್ಟಿದುದು ‘ಇಫ್ಲೋರಾ ಆಫ್ ಇಂಡಿಯಾ’ ಆಗಿ ಬೆಳೆಯಿತು; 2008ರಲ್ಲಿ ‘ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್’ ಮೊದಲಾಯಿತು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಮ್ಮಿನವರು ಕರ್ನಾಟಕದ ಸಸ್ಯಗಳ ಸಚಿತ್ರ ದಾಖಲೆಯನ್ನು ಎಲ್ಲರ ಕೈಗೆಟುಕುವಂತೆ ಮಾಡಿದರು. ಅಮೆರಿಕದಲ್ಲಿ ಅದೇ 2008ರಲ್ಲಿ ಹುಟ್ಟಿದ ‘ಐನ್ಯಾಚುರಲಿಸ್ಟ್’ನಲ್ಲಿ, ಚಿತ್ರ, ಸ್ಥಳ, ದಿನಾಂಕಗಳೊಡನೆ ಬಂದ ವೀಕ್ಷಣೆಯ ಹೆಸರಿಗೆ ಗುರುತಿಸುವವರಲ್ಲಿ ಮೂರರಲ್ಲೆರಡು ಪಾಲಿಗಿಂತ ಹೆಚ್ಚಿನವರು ಒಪ್ಪಿದರೆ ಅದು ಸಂಶೋಧನೆಗೆ ಅರ್ಹವೆನಿಸುತ್ತದೆ, ಅಪಾಯದಂಚಿನ ಸಸ್ಯಗಳ ನಿಖರ ಸ್ಥಳವನ್ನು ಕಳ್ಳಸಾಗಣೆಯ ಭಯದಿಂದ ಮರೆಮಾಡಲಾಗುತ್ತದೆ.

ಬಹುಮತವು ಪ್ರಮಾಣವಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಹುಲ್ಲುಗಳನ್ನೂ ಜೇಕುಗಳನ್ನೂ ಗುರುತಿಸಲು ಹೂವಿನ ಅತಿಸೂಕ್ಷ್ಮ ಭಾಗಗಳನ್ನು ಬಿಡಿಸಿ ಮಸೂರದಡಿ ನೋಡಬೇಕಾಗುವುದರಿಂದ, ಎಷ್ಟೇ ಸುಂದರವಾದ ಛಾಯಾಚಿತ್ರವೂ ಒಣಗಿದ ಮಾದರಿಗೆ ಸಮನಾಗಲಾರದು. ವೀಕ್ಷಕರು ನಗರಗಳಲ್ಲಿಯೂ ರಸ್ತೆಗಳ ಬದಿಯಲ್ಲಿಯೂ ಹೆಚ್ಚಾಗಿರುವುದರಿಂದ, ಭೂಪಟದಲ್ಲಿ ಖಾಲಿ ಕಾಣುವ ಎಡೆಯಲ್ಲಿ ಗಿಡವಿಲ್ಲವೆಂದು ತೀರ್ಮಾನಿಸುವುದೂ ದುಡುಕು. ಆದುದರಿಂದ ಸಾಮಾನ್ಯರ ಉತ್ಸಾಹವು ವರ್ಗೀಕರಣ ಶಾಸ್ತ್ರಜ್ಞರ ಕೆಲಸವನ್ನು ಕಡಮೆ ಮಾಡಿಲ್ಲ, ಹೆಚ್ಚಿಸಿದೆ. ವೀಕ್ಷಣೆಗಳ ರಾಶಿ ಬೆಳೆದಷ್ಟೂ ಅದನ್ನು ಪರಿಶೀಲಿಸಿ ತಿದ್ದಬಲ್ಲವರು ಬೇಕಾಗುವರು. ಅಂಥವರನ್ನು ತರಬೇತುಗೊಳಿಸುವ ಹೊಣೆಯು ವಿಶ್ವವಿದ್ಯಾಲಯಗಳದು, ಹರ್ಬೇರಿಯಮ್ಮುಗಳನ್ನು ಪೋಷಿಸುವ ಹೊಣೆಯು ಸರ್ಕಾರದ್ದು.