ಚಳಿಗಾಲದ ಪರ್ವತ ಚಾರಣ ಮತ್ತು ಹಿಂದಿರುಗುವ ನಿರ್ಧಾರ

ಹಿಮ ಬಿದ್ದಿರುವ ಅಥವಾ ಬೀಳಬಹುದಾದ ಋತುವಿನಲ್ಲಿ ಬೆಟ್ಟ ಹತ್ತಿ ಇಳಿಯುವ ಕಾಲ್ನಡಿಗೆಯೇ ಚಳಿಗಾಲದ ಪರ್ವತ ಚಾರಣ. ಹಗ್ಗ ಕಟ್ಟಿಕೊಂಡು ಏರುವ ಪರ್ವತಾರೋಹಣಕ್ಕೂ ಇದಕ್ಕೂ ನಡುವಿನ ಗೆರೆ ತೀರ ತೆಳುವು. ಬೇಸಿಗೆಯಲ್ಲಿ ಶಾಲಾ ಮಕ್ಕಳು ನಡೆದುಹೋಗುವ ದಾರಿಯೇ ಜನವರಿಯಲ್ಲಿ ಮುಳ್ಳುಪಟ್ಟಿ ಕಟ್ಟದ ಬೂಟು ನಿಲ್ಲದಷ್ಟು ಜಾರುವ ಮಂಜುಗಡ್ಡೆಯಾಗಿರುತ್ತದೆ. ಈ ಚಾರಣದಲ್ಲಿ ಶಿಖರ ಮುಟ್ಟುವುದು ಅರ್ಧ ದಾರಿ ಮಾತ್ರ. ಎಲ್ಲಿಂದ, ಯಾವಾಗ ಹಿಂದಿರುಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಬೂಟು, ಕೋಟುಗಳಷ್ಟೇ ಮುಖ್ಯವಾದ ಸಿದ್ಧತೆ.

ಕರ್ನಾಟಕದ ಚಾರಣಿಗರಿಗೆ ‘ಚಳಿಗಾಲ’ ಎಂಬ ಮಾತು ದಾರಿ ತಪ್ಪಿಸುವಂಥದು. ಕುದುರೆಮುಖಕ್ಕೋ ಕುಮಾರ ಪರ್ವತಕ್ಕೋ ಹೋಗುವವರಿಗೆ ಅದೇ ಹಿತವಾದ ಕಾಲ: ಮಳೆ ನಿಂತಿರುತ್ತದೆ, ಉಂಬಳದ ಕಾಟ ತಗ್ಗಿರುತ್ತದೆ, ಬೆಟ್ಟದ ಹುಲ್ಲಿನಲ್ಲಿ ಇನ್ನೂ ಹಸಿರು ಉಳಿದಿರುತ್ತದೆ. ಆ ಅನುಭವದ ಬಲದ ಮೇಲೆ ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠ (ಸುಮಾರು 3,800 ಮೀಟರ್) ಹತ್ತಲು ಹೋದರೆ ಅಲ್ಲಿರುವುದು ಬೇರೆಯೇ ಋತು.

ಚಳಿ, ಗಾಳಿ, ಹಗಲು

ಬೆಟ್ಟದ ಎತ್ತರ ನೋಡಿ ಅಪಾಯ ಅಳೆಯುವುದು ಸಾಮಾನ್ಯ ತಪ್ಪು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಮೌಂಟ್ ವಾಷಿಂಗ್ಟನ್ 1,917 ಮೀಟರ್ ಎತ್ತರವಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕುಳ್ಳು. ಅದರ ನೆತ್ತಿಯ ಮೇಲಿನ ಹವಾಮಾನ ವೀಕ್ಷಣಾಲಯ 1934ರ ಏಪ್ರಿಲ್ 12ರಂದು ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿಯನ್ನು ದಾಖಲಿಸಿತು. 2023ರ ಫೆಬ್ರವರಿ ಮೊದಲ ವಾರದಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ 44 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಗಾಳಿಯೂ ಸೇರಿ ಮೈಗೆ ತಟ್ಟುವ ಚಳಿ ಸೊನ್ನೆಗಿಂತ 78 ಡಿಗ್ರಿ ಕೆಳಗಿತ್ತು.

ಗಾಳಿಯ ಲೆಕ್ಕವನ್ನು ಹೊಸಬರು ಬಿಟ್ಟುಬಿಡುತ್ತಾರೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 21 ಡಿಗ್ರಿ ಕೆಳಗಿನ ಚಳಿಯಂತೆ ತಟ್ಟುತ್ತದೆ. ಮರಗಳ ಗಡಿ ದಾಟಿ ಬೋಳು ಏಣಿಗೆ ಬಂದೊಡನೆ ಈ ಗಾಳಿ ಒಮ್ಮೆಲೇ ಎದುರಾಗುತ್ತದೆ. ಆದ್ದರಿಂದಲೇ ಕೊನೆಯ ಮರದ ಮರೆಯಲ್ಲಿ ನಿಂತು, ಮುಂದೆ ಹೋಗುವುದೋ ಬೇಡವೋ ಎಂದು ಮಾತಾಡಿಕೊಳ್ಳುವುದು ಪಳಗಿದವರ ರೂಢಿ. ಗಾಳಿಯಲ್ಲಿ ನಿಂತು ಆ ಮಾತು ನಡೆಯುವುದಿಲ್ಲ, ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವುದೂ ಇಲ್ಲ.

ಹಗಲೂ ಗಿಡ್ಡ. ಬೆಂಗಳೂರಿನಲ್ಲಿ ವರ್ಷದ ಅತಿ ಸಣ್ಣ ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಕೇದಾರಕಂಠದಲ್ಲಿ ಅದು ಹತ್ತು ಗಂಟೆಯ ಆಸುಪಾಸು. ಬಿಸಿಲಿಗೆ ಮೆತ್ತಗಾದ ಹಿಮದಲ್ಲಿ ಮೂಡಿದ ಹೆಜ್ಜೆ ಗುಳಿಗಳು ಸಂಜೆ ಮತ್ತೆ ಹೆಪ್ಪುಗಟ್ಟುತ್ತವೆ. ಬೆಳಿಗ್ಗೆ ಏರಿದ ದಾರಿಯೇ ಇಳಿಯುವಾಗ ಗಾಜಿನ ಮೆಟ್ಟಿಲಾಗಿರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನ ಮೇಲೆ ಹೊಸ ಹಿಮ ಬಿದ್ದಿದ್ದರೆ ಹಿಮಕುಸಿತದ ಭಯವಿದೆ. ಕಾಲಡಿ ಹಿಮ ಗುಮ್ಮೆಂದು ಸದ್ದು ಮಾಡಿ ಕುಸಿದರೆ, ಬಿರುಕು ಹರಿದರೆ, ಅಲ್ಲಿ ಚರ್ಚೆಗೆ ಜಾಗವಿಲ್ಲ, ಹಿಂದಿರುಗಬೇಕು.

ಮೊದಲು ಮಂಕಾಗುವುದು ಬುದ್ಧಿ

ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಇಳಿದ ಸ್ಥಿತಿಗೆ ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ಮೈ ನಡುಗುತ್ತದೆ. ಸುಮಾರು 32 ಡಿಗ್ರಿಗಿಂತ ಕೆಳಗೆ ಆ ನಡುಕವೂ ನಿಂತುಬಿಡುತ್ತದೆ. ಅದನ್ನು ಚೇತರಿಕೆ ಎಂದುಕೊಂಡವರು ಮೋಸಹೋಗುತ್ತಾರೆ. ಕಾಲು ಎಡವುವುದು, ಮಾತು ತೊದಲುವುದು, ಕೈಯಲ್ಲಿದ್ದುದು ಜಾರುವುದು, ಕಾರಣವಿಲ್ಲದೆ ಗೊಣಗುವುದು ಇವು ಆರಂಭದ ಗುರುತುಗಳು. ಇವು ಪಕ್ಕದವರಿಗೆ ಕಾಣುತ್ತವೆ, ಅನುಭವಿಸುತ್ತಿರುವವರಿಗೆ ಕಾಣುವುದಿಲ್ಲ. ‘ನನಗೇನೂ ಆಗಿಲ್ಲ, ನಡೀರಿ’ ಎಂಬ ಉತ್ತರವನ್ನು ಹಾಗಾಗಿ ನಂಬುವಂತಿಲ್ಲ. 2,500 ಮೀಟರ್ ಮೇಲೆ ಎತ್ತರದ ಕಾಯಿಲೆಯೂ ಸೇರಿಕೊಳ್ಳಬಹುದು: ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು. ಅಂಥವರನ್ನು ಮೇಲೆ ಕರೆದೊಯ್ಯಬಾರದು. ತೂರಾಡುತ್ತ ನಡೆಯುವವರನ್ನು ತಡಮಾಡದೆ ಕೆಳಗಿಳಿಸಬೇಕು, ಜೊತೆಗೊಬ್ಬರಿಲ್ಲದೆ ಕಳಿಸಬಾರದು.

ತೀರ್ಮಾನ ಮಾಡಬೇಕಾದ ಅಂಗವನ್ನೇ ಚಳಿ ಮೊದಲು ಮಂಕಾಗಿಸುವುದರಿಂದ ಆ ತೀರ್ಮಾನ ಕೆಳಗೆ, ಬೆಚ್ಚಗೆ ಕುಳಿತಾಗಲೇ ಆಗಿರಬೇಕು. ಬೆಟ್ಟದ ಮೇಲೆ ಉಳಿಯುವುದು ಅದನ್ನು ಪಾಲಿಸುವ ಕೆಲಸವಷ್ಟೇ.

ಹಿಂದಿರುಗುವ ಗಡುವು

ಚಾರಣ ತಂಡಗಳು ಇದಕ್ಕೆ ‘ಟರ್ನ್‌ಅರೌಂಡ್ ಟೈಮ್’ ಎನ್ನುತ್ತವೆ. ಲೆಕ್ಕ ಸೂರ್ಯಾಸ್ತದಿಂದ ಹಿಂದಕ್ಕೆ ನಡೆಯುತ್ತದೆ. ಸೂರ್ಯ 5.20ಕ್ಕೆ ಮುಳುಗುತ್ತಾನೆ, ಇಳಿಯಲು ನಾಲ್ಕು ಗಂಟೆ ಬೇಕು, ಯಾರಾದರೂ ಕಾಲು ಉಳುಕಿಸಿಕೊಂಡರೆಂದು ಇನ್ನೊಂದೂವರೆ ಗಂಟೆ ಎತ್ತಿಟ್ಟರೆ, ಹನ್ನೆರಡು ಹೊಡೆಯುವ ಮುಂಚೆಯೇ ಬೆನ್ನು ತಿರುಗಿಸಬೇಕು. ಶಿಖರ ಇನ್ನೂರೇ ಹೆಜ್ಜೆಯಲ್ಲಿದ್ದರೂ ಅಷ್ಟೇ. ಗಡಿಯಾರದ ಜೊತೆಗೆ ಇನ್ನೆರಡು ಗಡುವುಗಳಿರುತ್ತವೆ: ಹವೆಯದು (ಮುಂದಿನ ಗುರುತು ಕಾಣದಿದ್ದರೆ ವಾಪಸು), ಮನುಷ್ಯರದು (ತಂಡದ ಅತಿ ನಿಧಾನದವರು ಸೋತರೆ ಎಲ್ಲರೂ ವಾಪಸು).

ಗಡುವಿಗೆ ತಲೆಬಾಗಿದವರ ಹೆಸರು ಹೆಚ್ಚು ಉಳಿಯುವುದಿಲ್ಲ. ಉಳಿದವರಲ್ಲಿ ಒಬ್ಬ ಎಡ್ವರ್ಡ್ ನಾರ್ಟನ್. 1924ರ ಜೂನ್ 4ರಂದು ಎವರೆಸ್ಟ್‌ನಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ 8,573 ಮೀಟರ್ ತಲುಪಿ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹಿಂದಿರುಗಿದ. ನಾಲ್ಕು ದಿನಗಳ ನಂತರ ಮೇಲೆ ಹೋದ ಮ್ಯಾಲರಿ ಮತ್ತು ಅರ್ವಿನ್ ಮರಳಲಿಲ್ಲ.

ಹಕ್ಕೋಡಾ, 1902

ಹಿಂದಿರುಗುವ ನಿರ್ಧಾರ ಎಷ್ಟು ಬಗೆಯಲ್ಲಿ ಕೆಡಬಹುದು ಎಂಬುದಕ್ಕೆ ಜಪಾನಿನ ಹಕ್ಕೋಡಾ ದುರಂತದಷ್ಟು ವಿವರವಾದ ನಿದರ್ಶನ ಅಪರೂಪ. ಉತ್ತರ ಜಪಾನಿನ ಈ ಬೆಟ್ಟಸಾಲಿನ ಅತಿ ಎತ್ತರದ ಶಿಖರವೂ 1,600 ಮೀಟರ್ ಮುಟ್ಟುವುದಿಲ್ಲ; ಕುಮಾರ ಪರ್ವತ ಅದಕ್ಕಿಂತ ಎತ್ತರ. ರಷ್ಯಾದೊಡನೆ ಯುದ್ಧವಾದೀತೆಂಬ ನಿರೀಕ್ಷೆಯಲ್ಲಿ ಸೇನೆ ಚಳಿಗಾಲದ ನಡಿಗೆಯ ಅಭ್ಯಾಸ ನಡೆಸುತ್ತಿತ್ತು. 1902ರ ಜನವರಿ 23ರ ಬೆಳಿಗ್ಗೆ ಅಓಮೊರಿ ಪಟ್ಟಣದಿಂದ 5ನೇ ಪದಾತಿ ರೆಜಿಮೆಂಟಿನ 210 ಮಂದಿ, ಅಕ್ಕಿ ಇದ್ದಿಲು ಹೇರಿದ ಜಾರುಬಂಡಿಗಳನ್ನು ಎಳೆದುಕೊಂಡು, ಸುಮಾರು 20 ಕಿಲೋಮೀಟರ್ ದೂರದ ತಶಿರೊ ಬಿಸಿನೀರ ಬುಗ್ಗೆಯತ್ತ ಹೊರಟರು. ದಾರಿಯಲ್ಲಿ ಹಳ್ಳಿಯವರು ಬೇಡವೆಂದರು, ಹೋಗಲೇಬೇಕಾದರೆ ದಾರಿ ತೋರಿಸುತ್ತೇವೆ ಎಂದರು. ಅಧಿಕಾರಿಗಳು ಒಪ್ಪಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಹವೆ ಕೆಟ್ಟಿತ್ತು, ಅನ್ನ ಹೆಪ್ಪುಗಟ್ಟಿತ್ತು. ಹಿಂದಿರುಗುವ ಮಾತು ಅಲ್ಲಿ ಬಂತು. ಮುನ್ನಡೆಯಬೇಕೆಂಬ ಉತ್ಸಾಹಿಗಳ ಮಾತೇ ಗೆದ್ದಿತು.

ಆ ರಾತ್ರಿ ಬುಗ್ಗೆಗೆ ಎರಡು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ದಾರಿ ಕಾಣದೆ, ಹಿಮದಲ್ಲಿ ಗುಂಡಿ ತೋಡಿ ಕುಳಿತರು. ಇದ್ದಿಲ ಬೆಂಕಿ ಹಿಮ ಕರಗಿಸಿಕೊಂಡು ತಾನೇ ಕೆಳಗಿಳಿಯಿತು, ಅನ್ನ ಅರೆಬೆಂದಿತು. ಬೆಳಗಾದ ಮೇಲೆ ಮರಳುವ ಯೋಚನೆಯಿತ್ತು. ಆದರೆ ಕುಳಿತಲ್ಲೇ ಸೈನಿಕರು ಮರಗಟ್ಟತೊಡಗಿದ್ದರಿಂದ ರಾತ್ರಿ ಎರಡು ಗಂಟೆಯ ನಂತರ, ಕತ್ತಲು ಮತ್ತು ಹಿಮಗಾಳಿಯ ನಡುವೆಯೇ ಎದ್ದು ಹೊರಟರು. ಹಿಂದಿರುಗುವುದು ಎಂಬ ಸರಿಯಾದ ನಿರ್ಧಾರ ಹದಿನಾಲ್ಕು ಗಂಟೆ ತಡವಾಗಿ, ಅತಿ ಕೆಟ್ಟ ಗಳಿಗೆಯಲ್ಲಿ ಬಂತು. ಹಿಂದಿನ ಹೆಜ್ಜೆ ಗುರುತುಗಳನ್ನು ಹಿಮ ಮುಚ್ಚಿಹಾಕಿತ್ತು. ಬುಗ್ಗೆಯ ದಾರಿ ತನಗೆ ಗೊತ್ತೆಂದು ಒಬ್ಬ ಹೇಳಿದಾಗ ಮೇಲಧಿಕಾರಿ ಅದನ್ನು ನಂಬಿ ತಂಡವನ್ನು ತಿರುಗಿಸಿದ. ಅವರು ನದಿಯ ಕಣಿವೆಗೆ ಇಳಿದು ಸಿಕ್ಕಿಬಿದ್ದರು. ಜಪಾನಿನ ಅಧಿಕೃತ ದಾಖಲೆಯ ಅತಿ ಕಡಿಮೆ ಉಷ್ಣತೆಯಾದ ಸೊನ್ನೆಗಿಂತ 41 ಡಿಗ್ರಿ ಕೆಳಗಿನ ಚಳಿ ಅಸಾಹಿಕಾವಾದಲ್ಲಿ ಬಂದದ್ದು ಅದೇ ದಿನಗಳಲ್ಲಿ, ಜನವರಿ 25ರಂದು. 27ರಂದು ಹುಡುಕಾಟದವರಿಗೆ ಗೋಟೊ ಫುಸಾನೊಸುಕೆ ಎಂಬ ಕಾರ್ಪೊರಲ್ ಹಿಮದಲ್ಲಿ ಅರೆಪ್ರಜ್ಞೆಯಲ್ಲಿ ನಿಂತಿರುವುದು ಕಂಡಿತು. 199 ಮಂದಿ ಸತ್ತರು, 11 ಮಂದಿ ಉಳಿದರು.

ಅದೇ ವಾರ ಹಿರೊಸಾಕಿ ಪಟ್ಟಣದ 31ನೇ ರೆಜಿಮೆಂಟಿನ ಚಿಕ್ಕ ತಂಡವೊಂದು, ಸುಮಾರು ನಲವತ್ತು ಮಂದಿ, ಅದೇ ಬೆಟ್ಟಗಳನ್ನು ಎದುರು ದಿಕ್ಕಿನಿಂದ ದಾಟಿ ಜೀವಂತವಾಗಿ ಬಂದಿತು. ಅವರು ಪ್ರತಿ ಹಂತದಲ್ಲೂ ಊರವರನ್ನು ದಾರಿಗೆ ಜೊತೆಮಾಡಿಕೊಂಡಿದ್ದರು. ಆ ಊರವರಿಗಾದ ಹಿಮಗಾಯಗಳ ಕಥೆಯನ್ನು ಮಾತ್ರ ಸೇನೆ ಬಹಳ ಕಾಲ ಹೇಳಲಿಲ್ಲ.

ಗುಂಪಿನ ಒತ್ತಡ

ಅಮೆರಿಕದ ಇಯಾನ್ ಮ್ಯಾಕ್‌ಕ್ಯಾಮನ್ 1972ರಿಂದ 2003ರವರೆಗಿನ 715 ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿ, ಅಪಾಯದ ಗುರುತುಗಳು ಕಣ್ಣೆದುರಿಗಿದ್ದರೂ ಜನ ಏಕೆ ಮುಂದೆ ಹೋದರೆಂದು ಕೇಳಿದರು. ಪರಿಚಿತ ಜಾಗ, ಬಲ್ಲವನೊಬ್ಬ ಜೊತೆಗಿದ್ದಾನೆಂಬ ಧೈರ್ಯ, ಇತರರೂ ಹೋಗುತ್ತಿದ್ದಾರೆಂಬ ಸಮಾಧಾನ, ಹಿಡಿದ ಕೆಲಸ ಬಿಡಬಾರದೆಂಬ ಹಟ ಅವರು ಗುರುತಿಸಿದ ಬಲೆಗಳಲ್ಲಿ ಕೆಲವು. ಹಕ್ಕೋಡಾದಲ್ಲಿ ಪರಿಚಿತ ಜಾಗವೊಂದರ ಹೊರತು ಇವೆಲ್ಲ ಇದ್ದವು.

ಕರ್ನಾಟಕದ ಚಾರಣಿಗರು

ಹಿಮಾಲಯದಲ್ಲಿ ಚಳಿಗಾಲಕ್ಕೆ ಪಂಚಾಂಗದ ಹಂಗಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ಸರೋವರ ನೋಡಿ ಮರಳುತ್ತಿದ್ದ 22 ಮಂದಿಯ ತಂಡ ಹಿಮಬಿರುಗಾಳಿಗೆ ಸಿಕ್ಕಿತು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಒಂಬತ್ತು ಮಂದಿ ಸತ್ತರು; ಉಳಿದವರನ್ನು ರಕ್ಷಣಾ ಪಡೆಗಳು ಹೆಲಿಕಾಪ್ಟರ್ ನೆರವಿನಿಂದ ಹೊರತಂದವು.

ದೂರದಿಂದ ಹೋಗುವವರ ಮೇಲೆ ಸ್ಥಳೀಯರಿಗಿಲ್ಲದ ಒತ್ತಡಗಳಿರುತ್ತವೆ. ಐದು ದಿನದ ರಜೆ, ಮೊದಲೇ ಕಟ್ಟಿದ ಹಣ, ಡೆಹ್ರಾಡೂನ್‌ನಿಂದ ಬೆಂಗಳೂರಿಗೆ ಬದಲಾಯಿಸಲಾಗದ ವಿಮಾನ ಟಿಕೆಟ್. ಬೆಟ್ಟದ ಮೇಲೆ ಮೋಡ ಕಟ್ಟಿದಾಗ ಇವೆಲ್ಲ ಮಾತಾಡತೊಡಗುತ್ತವೆ. ಅದಕ್ಕೇ ಅನುಭವಿ ತಂಡಗಳು ಯೋಜನೆಯಲ್ಲಿ ಒಂದು ದಿನವನ್ನು ಖಾಲಿ ಬಿಡುತ್ತವೆ. ಟಿಕೆಟ್ಟಿನ ದಿನಕ್ಕಿಂತ ಒಂದು ದಿನ ಮುಂಚೆ ಕೆಳಗಿಳಿಯುವಂತೆ ಹೊರಟರೆ, ಹವೆ ಕೆಟ್ಟ ದಿನ ಡೇರೆಯಲ್ಲಿ ಚಹಾ ಕುಡಿಯುತ್ತ ಕೂರಬಹುದು.